ಕಿಲ್ಲೇದಾರನಿಗೊಂದು ಕಲ್ಲು

ನನ್ನ ನರ್ಸ್ ಕೆಲಸದ ವರ್ಷಗಳೆಲ್ಲ ಬೆಂಗಳೂರು ಕೋಟೆಯ ಬಗಲಲ್ಲೇ ಕಳೆದವು. ಡ್ಯೂಟಿ ಮುಗಿಸಿ ಬಸ್ಸಿಗೆ ಹೋಗುವ ದಾರಿಯಲ್ಲಿ ಕೋಟೆಗೋಡೆ. ಅದರಲ್ಲಿ ಹುದುಗಿಸಿದ ಒಂದು ಫಲಕ. 1791ರ ಮಾರ್ಚ್ 21ರಂದು ಬ್ರಿಟಿಷರು ಈ ಬಿರುಕಿನ ಮೂಲಕ ನುಗ್ಗಿದರು ಎನ್ನುವುದು ಅದರ ಸಾರಾಂಶ. ಹಾಗೆ ನುಗ್ಗಿದಾಗ ಒಳಗೆ ಯಾರಿದ್ದರು, ಅವರ ಗತಿ ಏನಾಯಿತು? ಫಲಕಕ್ಕೆ ಅದು ಬೇಕಿಲ್ಲ.

ಮಾರ್ಕೆಟ್ಟಿನ ಎದುರು ಈಗ ನಿಂತಿರುವುದು ದೆಹಲಿ ಬಾಗಿಲು, ಅದಕ್ಕೆ ಅಂಟಿದ ಒಂದಿಷ್ಟು ಗೋಡೆ, ಬುರುಜು. ಮಿಕ್ಕದ್ದನ್ನು ರಸ್ತೆ, ಆಸ್ಪತ್ರೆ, ಕಾಲೇಜುಗಳು ನುಂಗಿದವು. ಕೆಂಪೇಗೌಡರ ಮಣ್ಣಿನ ಕೋಟೆಯನ್ನು 1761ರಲ್ಲಿ ಕಲ್ಲಿನದಾಗಿ ಮಾಡಿಸಿದವನು ಹೈದರಾಲಿ. ಕೋಟೆಗೆ ತಾಗಿಕೊಂಡು ಉತ್ತರಕ್ಕೆ ಪೇಟೆ. ಅದಕ್ಕೆ ಬೇರೆಯದೇ ಗೋಡೆ, ಬೇರೆಯದೇ ಬಾಗಿಲುಗಳು.

ಬ್ರಿಟಿಷರ ಸೇನಾಪತಿ ಕಾರ್ನ್‌ವಾಲಿಸ್ ಮೊದಲು ಕೈಹಾಕಿದ್ದು ಪೇಟೆಗೆ. 1791ರ ಮಾರ್ಚ್ 7ರಂದು ಹಲಸೂರು ಬಾಗಿಲು ಒಡೆದು ಅವನ ಸೈನ್ಯ ಒಳಬಂತು. ಆ ನೂಕುನುಗ್ಗಲಲ್ಲಿ ಕರ್ನಲ್ ಮೂರ್‌ಹೌಸ್ ಎಂಬ ಫಿರಂಗಿದಳದ ಅಧಿಕಾರಿ ಸತ್ತ. ಅವನ ಸಾವನ್ನು ರಾಬರ್ಟ್ ಹೋಮ್ ದೊಡ್ಡ ಚಿತ್ರವಾಗಿ ಬರೆದ. ಆ ಬಾಗಿಲು ಎಂದೋ ಹೋಯಿತು. ಹೆಸರು ಮಾತ್ರ ಹಲಸೂರು ಗೇಟ್ ಪೊಲೀಸ್ ಠಾಣೆಯಲ್ಲಿ ಉಳಿದುಕೊಂಡಿದೆ; ಮೊಬೈಲ್ ಕಳಕೊಂಡು ದೂರು ಕೊಡಲು ಹೋದವರು ಯುದ್ಧದ ನೆನಪು ಮಾಡಿಕೊಳ್ಳುತ್ತಾರೆಯೇ!

ಪೇಟೆ ಬಿದ್ದ ಮೇಲೆ ಎರಡು ವಾರ ಕೋಟೆಯ ಮೇಲೆ ಗುಂಡಿನ ಸುರಿಮಳೆ. ಗೋಡೆ ಬಿರುಕುಬಿಟ್ಟಿತು. 21ರ ರಾತ್ರಿ ಬೆಳದಿಂಗಳು. ಟಿಪ್ಪುವಿನ ಸೈನ್ಯ ದೂರವೇನೂ ಇರಲಿಲ್ಲ. ಆದರೂ ಅದು ಬಂದು ಸೇರುವುದರೊಳಗೆ ಎಲ್ಲ ಮುಗಿಯಿತು. ಕೋಟೆಯ ಕಿಲ್ಲೇದಾರ ಬಹಾದ್ದೂರ್ ಖಾನ್. ಗಡ್ಡ ಬೆಳ್ಳಗಾದ ಮುದುಕ. ಬಿರುಕಿನ ಬಳಿಯಿಂದ ಕದಲದೆ ಕಾದಾಡಿ ಅಲ್ಲೇ ಬಿದ್ದ. ಅವನ ಧೈರ್ಯವನ್ನು ಮೆಚ್ಚಿ ಬರೆದವರು ಇಂಗ್ಲಿಷರೇ. ಬರೆದರು ಸರಿ, ಕಲ್ಲು ನೆಡಲಿಲ್ಲ. ಅವನ ಜೊತೆ ಸತ್ತವರು ನೂರಾರು ಮಂದಿ. ಅವರ ಹೆಸರನ್ನಂತೂ ಯಾರೂ ಬರೆದಿಡಲೂ ಇಲ್ಲ.

ತಮ್ಮ ಕಡೆ ಸತ್ತವರಿಗೆ ಮಾತ್ರ ಇಂಗ್ಲಿಷರು ಎತ್ತರದ ಸ್ಮಾರಕ ಸ್ತಂಭವನ್ನೇ, ಅವರ ಮಾತಲ್ಲಿ ಸೆನೊಟಾಫ್, ಎತ್ತಿದರು. ಈಗಿನ ಹಡ್ಸನ್ ವೃತ್ತದ ಹತ್ತಿರ ಇತ್ತದು. ಅಲ್ಲಿಂದ ಹೊರಡುವ ರಸ್ತೆಗೂ ಸೆನೊಟಾಫ್ ರಸ್ತೆ ಅಂತಲೇ ಹೆಸರು. ಕನ್ನಡ ಚಳವಳಿಗಾರರ ಒತ್ತಾಯದಿಂದ 1964ರಲ್ಲಿ ಸ್ತಂಭ ಕೆಳಗಿಳಿಯಿತು, ರಸ್ತೆ ನೃಪತುಂಗ ರಸ್ತೆಯಾಯಿತು, ಕಾರ್ಪೊರೇಷನ್ ಎದುರಿಗೆ ಕೆಂಪೇಗೌಡರು ಬಂದು ನಿಂತರು. ಕೆಂಪೇಗೌಡರು ಬಂದದ್ದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಸ್ತಂಭವನ್ನು ಕೆಡವಿದ್ದರಿಂದ ಬಹಾದ್ದೂರ್ ಖಾನನಿಗೆ ಏನು ಸಿಕ್ಕಿತು? ಅದನ್ನು ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಅವನದೂ ಒಂದು ಕಲ್ಲು ನಿಲ್ಲಿಸಿದ್ದರೆ ಆ ಯುದ್ಧದ ಎರಡು ಕಡೆಯೂ ದಾರಿಹೋಕರಿಗೆ ಕಾಣುತ್ತಿತ್ತು.

ಕಲ್ಲು ನಿಲ್ಲಿಸುವ ವಿದ್ಯೆ ನಮಗೆ ಬಾರದ್ದೇನಲ್ಲ. ಇದೇ ಊರಿನ ಬೇಗೂರಿನಲ್ಲಿ ಸುಮಾರು 890ರ ಒಂದು ಶಾಸನವಿದೆ. ಬೆಂಗಳೂರು ಕಾಳಗದಲ್ಲಿ ಮಡಿದವನೊಬ್ಬನಿಗಾಗಿ ಅದನ್ನು ನೆಟ್ಟರು. ನಮ್ಮ ಊರಿನ ಹೆಸರಿಗೆ ಸಿಕ್ಕಿರುವ ಹಳೆಯ ಸಾಕ್ಷಿಯೂ ಅದೇ. ಆತಕೂರಿನ ಕಲ್ಲಂತೂ ಇನ್ನೊಂದು ಬಗೆ. ಮಂಡ್ಯ ಜಿಲ್ಲೆಯ ಆ ಊರಿನಲ್ಲಿ 949ರ ಸುಮಾರಿಗೆ ಗಂಗರ ಬೂತುಗ ಮಣಲೇರನೆಂಬ ವೀರನಿಗೆ ಬೇಡಿದ್ದನ್ನು ಕೇಳು ಅಂದನಂತೆ. ಅವನು ಕೇಳಿದ್ದು ರಾಜನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಹಂದಿಯ ಮೇಲೆ ಬಿಟ್ಟಾಗ ಕಾಳಿಯೂ ಸತ್ತಿತು, ಹಂದಿಯೂ ಸತ್ತಿತು. ಕಲ್ಲಿನ ಮೇಲೆ ನಾಯಿ ಹಂದಿ ಮುಖಾಮುಖಿ ಹಾಯುತ್ತಿವೆ. ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಈಗ ಅದು ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ, ಹೋಗಿ ನೋಡಬಹುದು. ಹಂದಿಯೊಡನೆ ಕಾದಿ ಸತ್ತ ನಾಯಿಗೆ ಹೆಸರು ಹಾಕಿ ಕಲ್ಲು ನಿಲ್ಲಿಸಿದ ನಾಡು ಇದು. ಕೋಟೆ ಕಾಯ್ದು ಸತ್ತವನಿಗೆ ಎರಡು ಸಾಲು ಇಲ್ಲ ಎಂದರೆ ನನಗೆ ಸಿಟ್ಟು ಬರುತ್ತದೆ.

ಪೂರಾ ಇಲ್ಲವೆಂದೂ ಅಲ್ಲ. ಅವೆನ್ಯೂ ರಸ್ತೆ ಮಾರ್ಕೆಟ್ಟಿಗೆ ಬಂದು ಕೂಡುವ ಕಡೆ ಒಂದು ದರ್ಗಾ ಇದೆ. ಬಹಾದ್ದೂರ್ ಷಾ ಎಂಬ ಶಹೀದನದು. ಆ ಕಿಲ್ಲೇದಾರನೇ ಈತ ಎಂದು ನಂಬಿದವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಅನ್ನಿಸುವುದು ಬೇರೆ, ಸರ್ಕಾರದ ಬೋರ್ಡು ಬೇರೆ. ಗೋಡೆಯ ಫಲಕ ಇದ್ದ ಹಾಗೇ ಇರಲಿ. ಅದರ ಮಗ್ಗುಲಲ್ಲಿ ಕನ್ನಡದಲ್ಲಿ, ಉರ್ದುವಿನಲ್ಲಿ ಕಿಲ್ಲೇದಾರನ ಹೆಸರು, ತಾರೀಖು, ಜೊತೆಗೆ ಮಡಿದ ಸಿಪಾಯಿಗಳ ಪ್ರಸ್ತಾಪ, ಇಷ್ಟು ಬರೆಸಿ ಸಾಕು. ಬಸ್ಸಿನ ಕಿಟಕಿಯಿಂದ ಓದುವಷ್ಟು ದಪ್ಪ ಅಕ್ಷರ ಇರಲಿ. ಮಾರ್ಕೆಟ್ಟಿನ ಟ್ರಾಫಿಕ್ಕಿನಲ್ಲಿ ಎರಡು ಸಲ ಓದಿ ಮುಗಿಸಲೂ ಪುರುಸೊತ್ತು ಸಿಗುತ್ತದೆ.