ದೆವ್ವನೋ, ಕಾಯಿಲೆನೋ? ಹಾರರ್ ರಿಮೇಕ್‌ಗಳು ಎಡವಿದ ಜಾಗ

ಕಂಪಲಾಪುರದಿಂದ ಮಾತಾಡ್ತಿದ್ದೀನಿ. ನಮ್ಮ ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ ಬ್ಯಾರನ್ ಮುಂದೆ ರಾತ್ರಿಯೆಲ್ಲ ಎದ್ದಿರಬೇಕು. ಬೆಂಕಿ ಇಳಿಯೋ ಹಾಗಿಲ್ಲ, ಏರೋ ಹಾಗೂ ಇಲ್ಲ. ನಿದ್ದೆ ತಡೆಯೋಕೆ ಫೋನಲ್ಲಿ ಸಿನಿಮಾ. ಒಂದು ರಾತ್ರಿ 'ಆಪ್ತಮಿತ್ರ' ಹಾಕಿದ್ದೆ. ಪಕ್ಕದಲ್ಲಿದ್ದ ಚಿಕ್ಕಪ್ಪ ಕೇಳಿದ್ರು: "ಅಲ್ಲ ಕನ್ಲಾ, ಅವ್ಳಿಗೆ ದೆವ್ವ ಹಿಡ್ದಿರೋದೋ, ಕಾಯ್ಲೆನೋ?"

ಈ ಪ್ರಶ್ನೆ ಹಿಡ್ಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣ.

1993. ಮಲಯಾಳಂನಲ್ಲಿ ಫಾಸಿಲ್ ನಿರ್ದೇಶನದ 'ಮಣಿಚಿತ್ರತ್ತಾಳ್' ಬಂತು. ಬರೆದವರು ಮಧು ಮುಟ್ಟಂ. ಗಂಗಾ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ತು. ಅದರಲ್ಲಿ ದೆವ್ವ ಇಲ್ಲ. ಅಪ್ಪ ಅಮ್ಮನಿಂದ ದೂರ, ಒಂಟಿಯಾಗಿ ಬೆಳೆದ ಹುಡುಗಿಯೊಬ್ಬಳು ಸತ್ತುಹೋದ ನರ್ತಕಿ ನಾಗವಲ್ಲಿಯ ಕಥೆಯನ್ನ ಮೈಮೇಲೆ ಎಳ್ಕೊಳ್ತಾಳೆ. ಮನೆ ಸೊಸೆ ಇದ್ದಕ್ಕಿದ್ದ ಹಾಗೆ ತಮಿಳು ಮಾತಾಡ್ತಾಳೆ. ಭಯ ಹುಟ್ಟೋದು ಅಲ್ಲಿ: ಗೊತ್ತಿರೋ ಮುಖ, ಗೊತ್ತಿಲ್ಲದ ದನಿ.

2004ರಲ್ಲಿ ಪಿ. ವಾಸು ಅದನ್ನ ಕನ್ನಡಕ್ಕೆ ತಂದಾಗ ನಮ್ಮ ನಾಗವಲ್ಲಿ ತೆಲುಗಿನವಳಾದಳು. 2007ರ ಹಿಂದಿ 'ಭೂಲ್ ಭುಲಯ್ಯಾ'ದಲ್ಲಿ ಪ್ರಿಯದರ್ಶನ್ ಅವಳನ್ನ ಬಂಗಾಳಿ ಮಾಡಿದ್ರು. ಅರಮನೆ, ಗೆಜ್ಜೆ ಮಾತ್ರ ಅಲ್ಲ, ಭಯದ ಬೇರನ್ನೂ ಕಿತ್ತು ತಂದು ಇಲ್ಲಿನ ಮಣ್ಣಲ್ಲಿ ನೆಟ್ಟಿದ್ದರು. ಹಾಗಾಗಿ ಅವು ನಿಂತವು. 'ಆಪ್ತಮಿತ್ರ' ತೆರೆಗೆ ಬರೋ ಹೊತ್ತಿಗೆ ಸೌಂದರ್ಯ ಇರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಇವತ್ತಿಗೂ ನಾವು ಆ ಸಿನಿಮಾ ನೋಡುವಾಗ ಅದೂ ನೆನಪಾಗುತ್ತೆ.

ಆಮೇಲೇನಾಯ್ತು? 2010ರ 'ಆಪ್ತರಕ್ಷಕ', ವಿಷ್ಣುವರ್ಧನ್ ಅವರ ಕೊನೆಯ ಚಿತ್ರ. ಅಲ್ಲಿ ನೂರು ವರ್ಷ ದಾಟಿದ ರಾಜನೇ ಬದುಕಿರ್ತಾನೆ, ದೊಡ್ಡ ಹಾವೂ ಇದೆ. 2022ರ 'ಭೂಲ್ ಭುಲಯ್ಯಾ 2'ರಲ್ಲಂತೂ ನಿಜವಾದ ದೆವ್ವನೇ ಬಂತು. ಮನಸ್ಸಿನ ಒಳಗಿದ್ದ ಭಯ ಮನೆಯ ಹೊರಗೆ ಬಂದು ನಿಂತುಬಿಡ್ತು. ಜನ ನೋಡಿದ್ರು, ನಕ್ಕರು. ಆದರೆ ರಾತ್ರಿ ಮಲಗುವಾಗ ಪಕ್ಕದವರ ಮುಖ ನೋಡಿ ಹೆದರಲಿಲ್ಲ.

ಹಾಗಂತ ಇದ್ದದ್ದನ್ನ ಇದ್ದ ಹಾಗೇ ನಕಲು ಮಾಡಿದ್ರೂ ಆಗಲ್ಲ. ಹಿಚ್‌ಕಾಕ್ 1960ರಲ್ಲಿ ಮಾಡಿದ 'ಸೈಕೋ'ವನ್ನ ಗಸ್ ವಾನ್ ಸಾಂಟ್ 1998ರಲ್ಲಿ ಹೆಚ್ಚುಕಮ್ಮಿ ಶಾಟ್‌ಗೆ ಶಾಟ್ ಮತ್ತೆ ತೆಗೆದರು, ಬಣ್ಣದಲ್ಲಿ. ಪರದೆ ಹಿಂದೆ ಯಾರಿದ್ದಾರೆ ಅಂತ ಜನಕ್ಕೆ ಮೊದಲೇ ಗೊತ್ತಿತ್ತು. ನಾನು ಬಿಕಾಂ ಓದಿದವನು, ನನ್ನ ಲೆಕ್ಕ ಇಷ್ಟೇ: ನಿರ್ಮಾಪಕರಿಗೆ ರಿಮೇಕ್ ಅಂದ್ರೆ ಒಮ್ಮೆ ಗೆದ್ದ ಸರಕು. ಆದ್ರೆ ಹಾರರ್‌ನಲ್ಲಿ ಮಾರಾಟಕ್ಕಿರೋದೇ ಗೊತ್ತಿಲ್ಲದ್ದು. ಅದು ಮೊದಲನೇ ಸಲವೇ ಖರ್ಚಾಗಿರುತ್ತೆ. ಉಳಿಯೋ ಬಂಡವಾಳ ಒಂದೇ, ಆ ಮನುಷ್ಯರ ನೋವು. ಅದನ್ನ ಬಿಟ್ಟರೆ ಕೈಗೆ ಸಿಗೋದು ಬರೀ ಗೆಜ್ಜೆ ಸದ್ದು.

ಚಿಕ್ಕಪ್ಪನಿಗೆ "ಕಾಯಿಲೆ" ಅಂದೆ. ಒಲೆಗೆ ಸೌದೆ ತಳ್ಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ಹಂಗಾದ್ರೆ ಮೊದ್ಲೇ ಯಾರಾದ್ರೂ ಅವ್ಳನ್ನ ಕೂರಿಸ್ಕೊಂಡು ಮಾತಾಡಿಸ್ಬೇಕಿತ್ತು."

ಮುಂದಿನ ಸಂಚಿಕೆಯಲ್ಲಿ ಸಿಗೋಣ.