ಹವ್ಯಾಸಿ ಕ್ಲಬ್ ಗಾಲ್ಫ್

ಹವ್ಯಾಸಿ ಕ್ಲಬ್ ಗಾಲ್ಫ್ ಎಂದರೆ ಗಾಲ್ಫ್ ಸಂಘಗಳ ಸದಸ್ಯರು ಜೀವನೋಪಾಯಕ್ಕಾಗಿ ಅಲ್ಲದೆ ಸಂತೋಷಕ್ಕಾಗಿ ಆಡುವ ಗಾಲ್ಫ್ ಆಟ. ವೃತ್ತಿಪರ ಪಂದ್ಯಾವಳಿಗಳು ದೂರದರ್ಶನದಲ್ಲಿ ಪ್ರಸಾರವಾಗುತ್ತವೆಯಾದರೂ ಜಗತ್ತಿನ ಗಾಲ್ಫ್ ಆಟಗಾರರಲ್ಲಿ ಬಹುಪಾಲು ಜನ ಹವ್ಯಾಸಿಗಳೇ ಆಗಿದ್ದಾರೆ. ಕರ್ನಾಟಕದಲ್ಲಿ ಈ ಆಟದ ಸಾಂಸ್ಥಿಕ ಇತಿಹಾಸ 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್‌ನಷ್ಟು ಹಳೆಯದು. ಆಟಗಾರನೇ ತನ್ನ ಹೊಡೆತಗಳನ್ನು ಎಣಿಸಿಕೊಳ್ಳುವುದು, ತನ್ನ ತಪ್ಪಿಗೆ ತಾನೇ ದಂಡ ವಿಧಿಸಿಕೊಳ್ಳುವುದು, ಅಸಮಾನ ಸಾಮರ್ಥ್ಯದವರು ಸಮನಾಗಿ ಸ್ಪರ್ಧಿಸುವುದು ಈ ಆಟದ ಮುಖ್ಯ ಲಕ್ಷಣಗಳು. ಹವ್ಯಾಸಿ ಆಟಗಾರನ ಸುಖವೂ ಬೇಸರವೂ ಹುಟ್ಟುವುದು ಇವೇ ಲಕ್ಷಣಗಳಿಂದ.

ಇಂಗ್ಲಿಷಿನಲ್ಲಿ ಆಟದ ಸಂಘಕ್ಕೂ ಚೆಂಡನ್ನು ಹೊಡೆಯುವ ಸಾಧನಕ್ಕೂ 'ಕ್ಲಬ್' ಎಂಬ ಒಂದೇ ಹೆಸರಿದೆ. ಗೊಂದಲ ತಪ್ಪಿಸಲು ಈ ಲೇಖನದಲ್ಲಿ ಸಾಧನವನ್ನು 'ಕೋಲು' ಎಂದು ಕರೆಯಲಾಗಿದೆ.

ಆಟದ ಸ್ವರೂಪ

ಪೂರ್ಣ ಪ್ರಮಾಣದ ಗಾಲ್ಫ್ ಮೈದಾನದಲ್ಲಿ 18 ಕುಳಿಗಳಿರುತ್ತವೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಮೈದಾನದಲ್ಲಿ 1764ರಲ್ಲಿ ಜಾರಿಗೆ ಬಂದ ಈ ಸಂಖ್ಯೆಯೇ ಮುಂದೆ ಎಲ್ಲೆಡೆ ರೂಢಿಯಾಯಿತು. ಪ್ರತಿ ಕುಳಿಯ ಆಟ 'ಟೀ' ಎಂಬ ಸಮತಟ್ಟಾದ ಜಾಗದಿಂದ ಆರಂಭವಾಗಿ, ಹುಲ್ಲನ್ನು ಗಿಡ್ಡಗೆ ಕತ್ತರಿಸಿದ 'ಫೇರ್‌ವೇ' ಮೂಲಕ ಸಾಗಿ, ನುಣುಪಾದ 'ಗ್ರೀನ್' ಮೇಲಿನ ಕುಳಿಯಲ್ಲಿ ಮುಗಿಯುತ್ತದೆ. ಇಕ್ಕೆಲದ ಎತ್ತರದ ಹುಲ್ಲಿಗೆ 'ರಫ್' ಎಂದೂ ಮರಳಿನ ಗುಂಡಿಗೆ 'ಬಂಕರ್' ಎಂದೂ ಹೆಸರು. ಕುಳಿಯ ವ್ಯಾಸ 108 ಮಿಲಿಮೀಟರ್. ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ, ತೂಕ 45.93 ಗ್ರಾಂ ಮೀರುವಂತಿಲ್ಲ. ಒಬ್ಬ ಆಟಗಾರ ಗರಿಷ್ಠ 14 ಕೋಲುಗಳನ್ನು ಒಯ್ಯಬಹುದು.

ನುರಿತ ಆಟಗಾರನೊಬ್ಬ ಒಂದು ಕುಳಿಯನ್ನು ಮುಗಿಸಲು ಬೇಕಾಗುವ ಹೊಡೆತಗಳ ಸಂಖ್ಯೆಯನ್ನು 'ಪಾರ್' ಎನ್ನುತ್ತಾರೆ. ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ 'ಬರ್ಡಿ', ಒಂದು ಹೆಚ್ಚಾದರೆ 'ಬೋಗಿ', ಎರಡು ಹೆಚ್ಚಾದರೆ 'ಡಬಲ್ ಬೋಗಿ'. ಪಾರ್ 72 ಇರುವ ಮೈದಾನದಲ್ಲಿ ಸಾಧಾರಣ ಹವ್ಯಾಸಿಯೊಬ್ಬ 90ರಿಂದ 100 ಹೊಡೆತಗಳಲ್ಲಿ ಆಟ ಮುಗಿಸುವುದು ಸಾಮಾನ್ಯ. ನಾಲ್ವರ ಗುಂಪು 18 ಕುಳಿಗಳನ್ನು ಮುಗಿಸಲು ಸುಮಾರು ನಾಲ್ಕು ಗಂಟೆ ಬೇಕಾಗುತ್ತದೆ. ಆ ಅವಧಿಯಲ್ಲಿ ಚೆಂಡನ್ನು ನಿಜವಾಗಿ ಹೊಡೆಯುವ ಹೊತ್ತು ಕೆಲವೇ ನಿಮಿಷ. ಉಳಿದ ಸಮಯ ನಡಿಗೆ, ಮಾತು, ಕಾಯುವಿಕೆ ಮತ್ತು ಕಳೆದ ಹೊಡೆತದ ಚಿಂತೆಯಲ್ಲಿ ಸಾಗುತ್ತದೆ.

ಕರ್ನಾಟಕದಲ್ಲಿ ಇತಿಹಾಸ

ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಸಂಘವೆಂದು ಹೆಸರಾದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರಲ್ಲಿ ಆರಂಭವಾಯಿತು. ಅದಾದ 47 ವರ್ಷಗಳ ಬಳಿಕ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಹುಟ್ಟಿತು. ಆ ಕಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು, ಗಣಿ ಅಧಿಕಾರಿಗಳು ಮತ್ತು ಪ್ಲಾಂಟರುಗಳು ನೆಲೆಸಿದ ಊರುಗಳಿಗೆ ಈ ಆಟ ಹರಡಿತು. ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಕೊಡಗಿನಲ್ಲಿ ಗಾಲ್ಫ್ ಬೇರೂರಿದ್ದು ಹೀಗೆ.

ಇಂದು ಬೆಂಗಳೂರಿನ ಚಲ್ಲಘಟ್ಟದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ, ಬಿಡದಿ ಸಮೀಪದ ಈಗಲ್‌ಟನ್, ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ವಿರಾಜಪೇಟೆ ಬಳಿಯ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, ಮಡಿಕೇರಿಯ ಮರ್ಕೆರಾ ಡೌನ್ಸ್, ಚಿಕ್ಕಮಗಳೂರು ಗಾಲ್ಫ್ ಕ್ಲಬ್ ಮತ್ತು ಮಂಗಳೂರು ಸಮೀಪದ ಪಿಲಿಕುಳ ರಾಜ್ಯದ ಪರಿಚಿತ ಗಾಲ್ಫ್ ನೆಲೆಗಳು. 2012ರ ಇಂಡಿಯನ್ ಓಪನ್ ಪಂದ್ಯಾವಳಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿಯೇ ನಡೆಯಿತು. ವೃತ್ತಿಪರರು ಸ್ಪರ್ಧಿಸಿದ ಅದೇ ಹುಲ್ಲಿನ ಮೇಲೆ ಮುಂದಿನ ವಾರ ಸಾಮಾನ್ಯ ಸದಸ್ಯನೂ ಆಡಬಹುದು. ಇಂತಹ ಅವಕಾಶ ಬೇರೆ ಆಟಗಳ ಹವ್ಯಾಸಿಗಳಿಗೆ ವಿರಳ.

ನೀರು ದುರ್ಲಭವಾದ ಊರುಗಳ ಹಳೆಯ ಮೈದಾನಗಳಲ್ಲಿ ಹಸಿರು ಹುಲ್ಲಿನ ಗ್ರೀನ್‌ಗಳ ಬದಲು ಮರಳಿಗೆ ಎಣ್ಣೆ ಬೆರೆಸಿ ಹದಗೊಳಿಸಿದ 'ಬ್ರೌನ್'ಗಳಿದ್ದವು. ಒಬ್ಬರು ಆಡಿ ಹೋದ ಮೇಲೆ ಹೆಜ್ಜೆ ಗುರುತುಗಳನ್ನು ಎಳೆದು ಅಳಿಸಿ, ಮುಂದಿನವರಿಗೆ ನೆಲವನ್ನು ಸಮಮಾಡಿ ಕೊಡುವುದು ಅಲ್ಲಿನ ಪದ್ಧತಿ.

ಹ್ಯಾಂಡಿಕ್ಯಾಪ್ ಪದ್ಧತಿ

ಆಟಗಾರನ ಸಾಮರ್ಥ್ಯವನ್ನು ಅಂಕಿಯಲ್ಲಿ ಹೇಳುವ 'ಹ್ಯಾಂಡಿಕ್ಯಾಪ್' ಕ್ಲಬ್ ಗಾಲ್ಫಿನ ಬೆನ್ನೆಲುಬು. 2020ರಲ್ಲಿ ಆರಂಭವಾದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಪ್ರಕಾರ, ಆಟಗಾರನ ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಸರಾಸರಿಯಿಂದ ಹ್ಯಾಂಡಿಕ್ಯಾಪ್ ಸೂಚ್ಯಂಕವನ್ನು ನಿರ್ಧರಿಸುತ್ತಾರೆ. ಗರಿಷ್ಠ ಸೂಚ್ಯಂಕ 54. ಮೈದಾನದ ಕಠಿಣತೆಗೆ ಅನುಗುಣವಾಗಿ ಈ ಸೂಚ್ಯಂಕವನ್ನು ಹೀಗೆ ಹೊಂದಿಸುತ್ತಾರೆ: ಸೂಚ್ಯಂಕವನ್ನು ಮೈದಾನದ 'ಸ್ಲೋಪ್' ಅಂಕಿಯಿಂದ ಗುಣಿಸಿ, 113ರಿಂದ ಭಾಗಿಸಿ, ಬಂದ ಮೊತ್ತಕ್ಕೆ ಮೈದಾನದ ರೇಟಿಂಗ್ ಮತ್ತು ಪಾರ್‌ಗಳ ವ್ಯತ್ಯಾಸವನ್ನು ಸೇರಿಸಬೇಕು.

ಉದಾಹರಣೆಗೆ ಸ್ಲೋಪ್ 120, ರೇಟಿಂಗ್ 71, ಪಾರ್ 72 ಇರುವ ಮೈದಾನವೊಂದನ್ನು ಊಹಿಸಿಕೊಳ್ಳಬಹುದು. ಸೂಚ್ಯಂಕ 20 ಇರುವವನಿಗೆ ಅಲ್ಲಿ ಸಿಗುವ ಹ್ಯಾಂಡಿಕ್ಯಾಪ್ 20. ಸೂಚ್ಯಂಕ 6 ಇರುವವಳಿಗೆ 5. ಮೊದಲಿನವನು 92 ಹೊಡೆತಗಳಲ್ಲಿಯೂ ಎರಡನೆಯವಳು 78 ಹೊಡೆತಗಳಲ್ಲಿಯೂ ಆಟ ಮುಗಿಸಿದರೆ, ಹ್ಯಾಂಡಿಕ್ಯಾಪ್ ಕಳೆದ ಬಳಿಕ ಅವರ ನಿವ್ವಳ ಅಂಕಗಳು ಕ್ರಮವಾಗಿ 72 ಮತ್ತು 73. ಹದಿನಾಲ್ಕು ಹೊಡೆತ ಹೆಚ್ಚು ತೆಗೆದುಕೊಂಡವನೇ ಗೆಲ್ಲುತ್ತಾನೆ. ನಿವೃತ್ತ ಅಜ್ಜನೂ ಕಾಲೇಜು ಓದುವ ಮೊಮ್ಮಗಳೂ ಒಂದೇ ಪಂದ್ಯದಲ್ಲಿ ನಿಜವಾದ ಪೈಪೋಟಿ ನಡೆಸಲು ಸಾಧ್ಯವಾಗುವುದು ಈ ಲೆಕ್ಕಾಚಾರದಿಂದ. ಆಟಗಾರ ಮೀರಬೇಕಾದದ್ದು ಕಳೆದ 20 ಸುತ್ತುಗಳಲ್ಲಿ ತಾನು ತೋರಿದ ಆಟವನ್ನು.

ವಾರಾಂತ್ಯದ ಪಂದ್ಯಗಳಲ್ಲಿ 'ಸ್ಟೇಬಲ್‌ಫರ್ಡ್' ಪದ್ಧತಿಯೂ ಜನಪ್ರಿಯ. ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ಇಂಗ್ಲೆಂಡಿನ ವೈದ್ಯರು ಇದನ್ನು ರೂಪಿಸಿದರು. 1932ರಲ್ಲಿ ಅಲ್ಲಿನ ವಾಲಸಿ ಸಂಘದಲ್ಲಿ ಇದರ ಪಂದ್ಯ ನಡೆಯಿತು. ಹ್ಯಾಂಡಿಕ್ಯಾಪ್ ಕಳೆದ ಬಳಿಕ ಪಾರ್‌ಗೆ 2, ಬೋಗಿಗೆ 1, ಬರ್ಡಿಗೆ 3 ಅಂಕ. ಡಬಲ್ ಬೋಗಿ ಅಥವಾ ಅದಕ್ಕಿಂತ ಕಳಪೆಯಾದರೆ ಸೊನ್ನೆ. ಒಂದು ಕುಳಿಯಲ್ಲಿ ಹತ್ತು ಹೊಡೆತ ಹೊಡೆದವನು ಆ ಕುಳಿಯ ಅಂಕವನ್ನಷ್ಟೇ ಕಳೆದುಕೊಂಡು, ಮುಂದಿನ ಕುಳಿಯನ್ನು ಹೊಸದಾಗಿ ಆರಂಭಿಸಬಹುದು.

ಬೇಸರಗಳು

ಕ್ರಿಕೆಟಿನಲ್ಲಿ ಚೆಂಡು ಆಟಗಾರನತ್ತ ಬರುತ್ತದೆ, ಯೋಚಿಸಲು ಸಮಯ ಇರುವುದಿಲ್ಲ. ಗಾಲ್ಫಿನಲ್ಲಿ ಚೆಂಡು ನೆಲದ ಮೇಲೆ ಸುಮ್ಮನೆ ಕುಳಿತಿರುತ್ತದೆ. ಅತಿಯಾಗಿ ಯೋಚಿಸಲು ಅವಕಾಶವಿರುವುದೇ ಇಲ್ಲಿನ ತೊಡಕು. ತಪ್ಪಾದಾಗ ದೂರಲು ಎದುರಾಳಿಯ ಎಸೆತವೂ ಇಲ್ಲ, ತೀರ್ಪುಗಾರನೂ ಇಲ್ಲ.

ಬಲಗೈ ಹವ್ಯಾಸಿಗಳನ್ನು ಹೆಚ್ಚಾಗಿ ಕಾಡುವುದು 'ಸ್ಲೈಸ್', ಅಂದರೆ ಚೆಂಡು ಬಲಕ್ಕೆ ಬಾಗಿ ಹೋಗುವ ದೋಷ. ಕೋಲಿನ ಬೀಸು ಸಾಗುವ ದಿಕ್ಕಿಗೆ ಹೋಲಿಸಿದರೆ ಕೋಲಿನ ಮುಖ ಬಲಕ್ಕೆ ತೆರೆದಿದ್ದಾಗ ಚೆಂಡು ಓರೆಯಾಗಿ ಸುತ್ತುತ್ತ ಬಲಕ್ಕೆ ವಾಲುತ್ತದೆ. ಅದನ್ನು ಸರಿಪಡಿಸಲು ಆಟಗಾರ ಸಹಜವಾಗಿ ಎಡಕ್ಕೆ ಗುರಿಯಿಟ್ಟು ಎಡಕ್ಕೇ ಬೀಸುತ್ತಾನೆ. ಆಗ ಬೀಸಿನ ದಿಕ್ಕಿಗೂ ಕೋಲಿನ ಮುಖಕ್ಕೂ ಇರುವ ಅಂತರ ಹೆಚ್ಚಿ, ಚೆಂಡು ಇನ್ನಷ್ಟು ಬಲಕ್ಕೆ ಬಾಗುತ್ತದೆ. ಸಹಜಬುದ್ಧಿ ಕೈಕೊಡುವ ಇಂತಹ ಸಂದರ್ಭಗಳಿಂದಾಗಿ ಗಾಲ್ಫನ್ನು ತಾನೇ ಕಲಿಯಹೊರಟವರು ಬೇಗ ದಣಿಯುತ್ತಾರೆ.

ಕಳೆದ ಚೆಂಡನ್ನು ಹುಡುಕಲು 2019ರಿಂದ ಮೂರು ನಿಮಿಷಗಳ ಅವಕಾಶವಿದೆ; ಅದಕ್ಕೂ ಮೊದಲು ಐದು ನಿಮಿಷಗಳಿದ್ದವು. ಸಿಗದಿದ್ದರೆ ಒಂದು ಹೊಡೆತದ ದಂಡ ತೆತ್ತು ಮೊದಲಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ಮಳೆಗಾಲದಲ್ಲಿ ಕೊಡಗಿನಂತಹ ಕಡೆ ಹುಲ್ಲು ಸೊಂಪಾಗಿ ಬೆಳೆದು, ಬಿದ್ದದ್ದನ್ನು ಕಣ್ಣಾರೆ ಕಂಡ ಚೆಂಡೂ ಕಾಣೆಯಾಗುತ್ತದೆ. ಬೇಸಿಗೆಯಲ್ಲಿ ನೆಲ ಗಟ್ಟಿಯಾಗಿ, ಚೆನ್ನಾಗಿ ಹೊಡೆದ ಚೆಂಡು ಗ್ರೀನ್ ದಾಟಿ ಉರುಳಿ ಹೋಗುತ್ತದೆ.

ಗ್ರೀನ್ ಮೇಲೆ ಚೆಂಡನ್ನು ಮೆಲ್ಲನೆ ಉರುಳಿಸಿ ಕುಳಿಗೆ ಸೇರಿಸುವುದನ್ನು 'ಪಟ್' ಎನ್ನುತ್ತಾರೆ. ಇನ್ನೂರು ಮೀಟರ್ ದೂರದ ಹೊಡೆತಕ್ಕೂ ಒಂದೇ ಅಂಕಿ, ಗೇಣುದ್ದದ ಪಟ್ ತಪ್ಪಿದರೂ ಒಂದೇ ಅಂಕಿ. ಅಮೆರಿಕದ ಶ್ರೇಷ್ಠ ವೃತ್ತಿಪರರು ಕೂಡ ಎಂಟು ಅಡಿ ದೂರದ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಕುಳಿಗೆ ಸೇರಿಸುತ್ತಾರೆ ಎಂಬುದು ಹವ್ಯಾಸಿಗಳಿಗೆ ಸಮಾಧಾನ ನೀಡಬಲ್ಲ ಸಂಗತಿ.

ಸಂತೋಷಗಳು

ತೊಂಬತ್ತು ಹೊಡೆತಗಳ ಸುತ್ತಿನಲ್ಲಿ ಹವ್ಯಾಸಿಯೊಬ್ಬ ಅಂದುಕೊಂಡಂತೆ ಹೊಡೆಯುವುದು ಕೆಲವನ್ನು ಮಾತ್ರ. ಆದರೆ ಕೋಲಿನ ಮುಖದ ನಡುಭಾಗಕ್ಕೆ ಚೆಂಡು ತಾಗಿದಾಗ ಕೈಗೆ ಅದುರು ತಿಳಿಯುವುದೇ ಇಲ್ಲ. ಚೆಂಡು ತಾನಾಗಿಯೇ ಏರಿ, ನೋಡಿದ ಕಡೆಗೇ ಹೋಗುತ್ತದೆ. ಆ ಒಂದು ಹೊಡೆತ ಶ್ರೇಷ್ಠ ಆಟಗಾರನ ಹೊಡೆತಕ್ಕೆ ಸಮನಾಗಿರುತ್ತದೆ. ಒಮ್ಮೆ ಸಾಧ್ಯವಾದದ್ದು ಮತ್ತೆ ಸಾಧ್ಯವಾಗಬೇಕೆಂಬ ನಂಬಿಕೆ ಆಟಗಾರನನ್ನು ಮುಂದಿನ ಭಾನುವಾರವೂ ಮೈದಾನಕ್ಕೆ ಕರೆತರುತ್ತದೆ.

ಟೀಯಿಂದ ಒಂದೇ ಹೊಡೆತಕ್ಕೆ ಚೆಂಡು ಕುಳಿ ಸೇರುವುದು 'ಹೋಲ್ ಇನ್ ಒನ್'. ಹವ್ಯಾಸಿಗೆ ಇದರ ಸಾಧ್ಯತೆ ಸುಮಾರು 12,500ರಲ್ಲಿ ಒಂದು ಎಂಬ ಅಂದಾಜನ್ನು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ಈ ಸೌಭಾಗ್ಯ ಒದಗಿದವನು ಜೊತೆಯವರಿಗೆಲ್ಲ ತನ್ನ ಖರ್ಚಿನಲ್ಲಿ ಸತ್ಕಾರ ಮಾಡಬೇಕೆಂಬುದು ಹಳೆಯ ಸಂಪ್ರದಾಯ. ಆಟ ಮುಗಿದ ಮೇಲೆ ಕುಳಿತು ಹರಟುವ ಕ್ಲಬ್ ಮನೆಯನ್ನು ತಮಾಷೆಗೆ 'ಹತ್ತೊಂಬತ್ತನೆಯ ಕುಳಿ' ಎನ್ನುತ್ತಾರೆ. ತಪ್ಪಿದ ಪಟ್‌ಗಳು ಕಥೆಗಳಾಗುವುದು ಅಲ್ಲಿಯೇ. ಮುಂಜಾನೆಯ ತಂಪು, ಮರಗಳ ನೆರಳು, ಏಳೆಂಟು ಕಿಲೋಮೀಟರ್ ನಡಿಗೆ ಮತ್ತು ದಶಕಗಳ ಒಡನಾಟ ವಯಸ್ಸಾದ ಸದಸ್ಯರಿಗೆ ಅಂಕಪಟ್ಟಿಗಿಂತ ದೊಡ್ಡ ಲಾಭ.

ಪ್ರಾಮಾಣಿಕತೆ

ಕ್ಲಬ್ ಪಂದ್ಯಗಳಲ್ಲಿ ಪ್ರತಿ ಗುಂಪಿಗೂ ತೀರ್ಪುಗಾರರಿರುವುದಿಲ್ಲ. ರಫ್‌ನಲ್ಲಿ ಕೋಲು ತಾಗಿ ಚೆಂಡು ಅಲುಗಿದರೆ ಅದನ್ನು ಕಂಡವನು ಆಟಗಾರ ಒಬ್ಬನೇ ಆಗಿರಬಹುದು. ಅವನೇ ದಂಡವನ್ನು ಹೇಳಬೇಕು. ಹೊಡೆತಗಳ ಪಂದ್ಯದಲ್ಲಿ ಅಂಕಪಟ್ಟಿಗೆ ಆಟಗಾರನೂ ಅಂಕ ಬರೆದ ಜೊತೆಗಾರನೂ ಸಹಿ ಹಾಕುತ್ತಾರೆ. ಯಾವುದಾದರೂ ಕುಳಿಯಲ್ಲಿ ನಿಜಕ್ಕಿಂತ ಕಡಿಮೆ ಹೊಡೆತ ನಮೂದಿಸಿದ್ದರೆ ಸಾಮಾನ್ಯವಾಗಿ ಅನರ್ಹತೆಯೇ ಶಿಕ್ಷೆ.

ಇದಕ್ಕಿಂತ ಸೂಕ್ಷ್ಮವಾದ ವಂಚನೆಯೂ ಇದೆ. ತನ್ನ ಉತ್ತಮ ಸುತ್ತುಗಳನ್ನು ಮುಚ್ಚಿಟ್ಟು ಹ್ಯಾಂಡಿಕ್ಯಾಪನ್ನು ಬೇಕೆಂದೇ ಹೆಚ್ಚಾಗಿ ಉಳಿಸಿಕೊಂಡವನು ಬಹುಮಾನ ಗೆಲ್ಲಬಹುದು, ಆದರೆ ಜೊತೆಯವರ ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ. ಅಸಮಾನರನ್ನು ಸಮಾನರನ್ನಾಗಿಸುವ ಇಡೀ ವ್ಯವಸ್ಥೆ ನಿಂತಿರುವುದು ಪ್ರತಿಯೊಬ್ಬನೂ ನಿಜವಾದ ಅಂಕವನ್ನೇ ಬರೆಯುತ್ತಾನೆ ಎಂಬ ನಂಬಿಕೆಯ ಮೇಲೆ.

ಕ್ಯಾಡಿಗಳು ಮತ್ತು ಪ್ರವೇಶಾವಕಾಶ

ಆಟಗಾರನ ಕೋಲುಗಳ ಚೀಲ ಹೊತ್ತು, ದೂರ ತಿಳಿಸಿ, ಚೆಂಡು ಹುಡುಕಿ, ಗ್ರೀನ್‌ನ ಇಳಿಜಾರು ಓದಿ ಹೇಳುವ ಸಹಾಯಕರೇ ಕ್ಯಾಡಿಗಳು. ಮೈದಾನವನ್ನು ಸದಸ್ಯರಿಗಿಂತ ಚೆನ್ನಾಗಿ ಬಲ್ಲವರು ಇವರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಈಗಲ್‌ಟನ್ ಮೈದಾನದ ನೆರೆಯ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಅದಿತಿ ಅಶೋಕ್ ಐದನೆಯ ವಯಸ್ಸಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸ ಅಂಗಳದಲ್ಲಿ ಆಟ ಆರಂಭಿಸಿದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಾಯಿಯೇ ಅವರ ಕ್ಯಾಡಿಯಾಗಿದ್ದರು. ಅಲ್ಲಿ ಅದಿತಿ ನಾಲ್ಕನೆಯ ಸ್ಥಾನ ಪಡೆದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು.

ಇಂತಹ ಉದಾಹರಣೆಗಳಿದ್ದರೂ ಗಾಲ್ಫ್ ಇಂದಿಗೂ ಎಲ್ಲರ ಕೈಗೆಟುಕುವ ಆಟವಲ್ಲ. ದೊಡ್ಡ ನಗರಗಳ ಸಂಘಗಳ ಸದಸ್ಯತ್ವ ದುಬಾರಿ, ಕಾಯುವ ಅವಧಿ ದೀರ್ಘ. ನಗರದ ನಡುವೆ ಹತ್ತಾರು ಎಕರೆ ಬಯಲು ಕೆಲವರ ಆಟಕ್ಕೆ ಮೀಸಲಾಗಿರುವುದು ಸರಿಯೇ ಎಂಬ ಪ್ರಶ್ನೆಯೂ, ಬರಗಾಲದಲ್ಲಿ ಹುಲ್ಲಿಗೆ ನೀರುಣಿಸುವ ಬಗ್ಗೆ ಆಕ್ಷೇಪವೂ ಇದೆ. ಸಂಸ್ಕರಿಸಿದ ಬಳಕೆ ನೀರನ್ನು ಮೈದಾನಕ್ಕೆ ಹರಿಸುವುದು ಈ ಆಕ್ಷೇಪಕ್ಕೆ ದೊರೆತಿರುವ ಒಂದು ಉತ್ತರ. ಮರಗಳಿಗೂ ಹಕ್ಕಿಗಳಿಗೂ ಇಂತಹ ಬಯಲುಗಳು ಆಸರೆ ಎಂಬುದು ಸಂಘಗಳ ಪರವಾದ ವಾದ.

ಕಲ್ಯಾಣ ಕರ್ನಾಟಕದ ಸ್ಥಿತಿ

ರಾಜ್ಯದ ಹೆಸರಾಂತ ಗಾಲ್ಫ್ ಮೈದಾನಗಳೆಲ್ಲ ದಕ್ಷಿಣ ಭಾಗದಲ್ಲಿವೆ. ಬೀದರ್ ಜಿಲ್ಲೆಯ ಚಿಟಗುಪ್ಪ, ಹುಮನಾಬಾದ್ ಮತ್ತು ಬಸವಕಲ್ಯಾಣ ಭಾಗದ ಮಕ್ಕಳಿಗೆ ಪರಿಚಿತವಾದದ್ದು ಕ್ರಿಕೆಟ್, ಕಬಡ್ಡಿ, ಕುಸ್ತಿ ಮತ್ತು ಚಿಣ್ಣಿಕೋಲು. ಇಲ್ಲಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಹುಮನಾಬಾದಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65 ಅಲ್ಲಿಗೆ ಒಯ್ಯುತ್ತದೆ. ಅಲ್ಲಿ ಗೋಲ್ಕೊಂಡ ಕೋಟೆಯ ನಯಾ ಕಿಲಾ ಆವರಣದಲ್ಲಿ ಗಾಲ್ಫ್ ಮೈದಾನವಿದೆ.

ಚಿಣ್ಣಿಕೋಲು ಮತ್ತು ಗಾಲ್ಫ್‌ಗಳ ನಡುವೆ ಚಾರಿತ್ರಿಕ ಸಂಬಂಧವಿಲ್ಲ. ಆದರೆ ನೆಲದ ಮೇಲೆ ಸ್ಥಿರವಾಗಿರುವ ಸಣ್ಣ ವಸ್ತುವನ್ನು ಕೋಲಿನಿಂದ ದೂರಕ್ಕೆ ಅಟ್ಟುವುದು, ಹೊಡೆತ ತಪ್ಪಿದಾಗ ಜೊತೆಯವರ ನಗುವನ್ನು ಸಹಿಸುವುದು, ದೂರವನ್ನು ನಿಜವಾಗಿ ಅಳೆದು ಹೇಳುವುದು ಎರಡರಲ್ಲಿಯೂ ಇದೆ. ಚಿಣ್ಣಿಕೋಲಿಗೆ ಬೇಕಾಗುವುದು ಎರಡು ಕಟ್ಟಿಗೆ ತುಂಡು ಮತ್ತು ಒಂದು ಖಾಲಿ ಬಯಲು. ಗಾಲ್ಫಿಗೆ ಬೇಕಾಗುವ ಜಮೀನು, ನೀರು ಮತ್ತು ಹಣ ಸಣ್ಣ ಊರುಗಳಿಗೆ ಸುಲಭವಾಗಿ ಒದಗುವುದಿಲ್ಲ. ಸಾರ್ವಜನಿಕರು ಶುಲ್ಕ ತೆತ್ತು ಆಡಬಹುದಾದ ಅಭ್ಯಾಸ ಅಂಗಳಗಳು ಮತ್ತು ಒಂಬತ್ತು ಕುಳಿಗಳ ಚಿಕ್ಕ ಮೈದಾನಗಳು ಈ ಅಂತರವನ್ನು ತಗ್ಗಿಸಬಲ್ಲ ಮಾರ್ಗಗಳು.