ಪದಕ ಕೊಟ್ಟು ಹಣ ಪಡೆದವರು

1890ರ ದಶಕದ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಮತ್ತೆ ಮತ್ತೆ ಅಚ್ಚಾಗುತ್ತಿತ್ತು. ಪೇಟೆಂಟ್ ಮಾಡಿಸಬಹುದಾದ ಸಣ್ಣ ಉಪಾಯವೊಂದು ಹೊಳೆದಿದ್ದರೆ ನಮಗೆ ಬರೆಯಿರಿ, 1,800 ಡಾಲರ್ ಬಹುಮಾನದ ಯೋಜನೆಯಿದೆ ಎಂಬುದು ಅದರ ಸಾರ. ಕೊಟ್ಟವರು ವಾಷಿಂಗ್ಟನ್ನಿನ ಜಾನ್ ವೆಡರ್‌ಬರ್ನ್ ಕಂಪನಿಯವರು. ಬರೆದವರಿಗೆ ಮೆಚ್ಚುಗೆ ಬರುತ್ತಿತ್ತು, ಪದಕ ಬರುತ್ತಿತ್ತು, ಹಿಂದೆಯೇ ಶುಲ್ಕದ ಮಾತೂ ಬರುತ್ತಿತ್ತು. 1897ರಲ್ಲಿ ಪೇಟೆಂಟ್ ಕಮಿಷನರ್ ಬೆಂಜಮಿನ್ ಬಟರ್‌ವರ್ತ್, ಈ ಕಂಪನಿ ತಮ್ಮ ಕಚೇರಿಯಲ್ಲಿ ಯಾರ ಪರವಾಗಿಯೂ ಅರ್ಜಿ ನಡೆಸದಂತೆ ನಿಷೇಧಿಸಿದರು.

ಪೇಟೆಂಟ್ ಬೇರೆ, ಮಾರುಕಟ್ಟೆ ಬೇರೆ. ಮೊದಲನೆಯದು ಸಿಕ್ಕರೆ ಎರಡನೆಯದು ತಾನಾಗಿ ಬರುವುದಿಲ್ಲ. ಈ ನಡುವಿನ ಜಾಗದಲ್ಲಿ ವೆಡರ್‌ಬರ್ನ್ ಮಾರಿದ್ದು ಹೊಗಳಿಕೆಯನ್ನು. ಅದು ಯಾಕೆ ಅಷ್ಟು ಬಿಕರಿಯಾಯಿತೆಂದು ನಮ್ಮ ವಳಕಮದಿನ್ನಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ವೆಲ್ಡಿಂಗ್ ಅಂಗಡಿಗಳಲ್ಲಿ ಕೂರಿಗೆ, ಕುಂಟೆಗಳನ್ನು ನೆಲಕ್ಕೆ ತಕ್ಕಂತೆ ಬದಲಿಸುವ ಕೈಗಳಿವೆ. ಹೊಸದೇನಾದರೂ ಮಾಡಿದವನನ್ನು ಊರು ಮೊದಲು ಕೇಳುವುದು, ‘ಇದರಿಂದ ಏನು ಬಂತು?’ ಅಂತ. ಅಂಥವನಿಗೆ ದೂರದ ನಗರದಿಂದ ಬಂದ ಒಂದು ಮೆಚ್ಚುಗೆಯ ಕಾಗದ ಎಷ್ಟು ದೊಡ್ಡದೆಂದು ನಾನು ಊಹಿಸಬಲ್ಲೆ.

ನೂರು ವರ್ಷ ಕಳೆದರೂ ಆ ವ್ಯಾಪಾರ ನಿಲ್ಲಲಿಲ್ಲ. 1997ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಹಲವು ಕಂಪನಿಗಳ ಮೇಲೆ ಒಟ್ಟಿಗೆ ಮೊಕದ್ದಮೆ ಹೂಡಿತು. ಅದಕ್ಕಿಟ್ಟ ಹೆಸರು ‘ಪ್ರಾಜೆಕ್ಟ್ ಮೌಸ್‌ಟ್ರ್ಯಾಪ್’, ಅಂದರೆ ಇಲಿಬೋನು. ಅದರಲ್ಲಿ ಸಿಕ್ಕಿದ್ದ ಡೇವಿಸನ್ ಸಂಸ್ಥೆಯ ವಿರುದ್ಧ 2006ರಲ್ಲಿ 2.6 ಕೋಟಿ ಡಾಲರಿನ ತೀರ್ಪು ಬಂತು. ಆಯ್ದ ಉಪಾಯಗಳನ್ನಷ್ಟೇ ಒಪ್ಪುತ್ತೇವೆ ಎಂದು ಜನರನ್ನು ನಂಬಿಸಿದ್ದು ಅದರ ಮೇಲಿದ್ದ ಆರೋಪಗಳಲ್ಲೊಂದು.

ಈ ನಡುವೆ 1999ರಲ್ಲಿ ಒಂದು ಕಾನೂನು ಬಂತು. ಕರಾರಿಗೆ ಮೊದಲೇ ಕಂಪನಿ ಕೆಲವು ಲೆಕ್ಕಗಳನ್ನು ಬರೆದು ಕೊಡಬೇಕು. ಕಳೆದ ಐದು ವರ್ಷಗಳಲ್ಲಿ ಎಷ್ಟು ಉಪಾಯ ಪರಿಶೀಲಿಸಿದಿರಿ, ಎಷ್ಟಕ್ಕೆ ಇಲ್ಲ ಎಂದಿರಿ, ಎಷ್ಟು ಗ್ರಾಹಕರಿಗೆ ನಿವ್ವಳ ಲಾಭವಾಯಿತು? ಸುಳ್ಳು ಹೇಳಿದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಿ ಪರಿಹಾರ ಕೇಳಬಹುದು. ಇಡೀ ಕಾಯ್ದೆಯ ಜೀವ ನನ್ನ ಪ್ರಕಾರ ಇಷ್ಟೇ: ಹೊಗಳಿಕೆಯ ಎದುರು ಅಂಕಿ ಇಡುವುದು.

ಆದರೆ ಅಂಕಿ ಕೇಳುವ ಧೈರ್ಯ ಗ್ರಾಹಕನಿಗೇ ಇರಬೇಕು. 2017ರಲ್ಲಿ ಕಮಿಷನ್ ಫ್ಲೋರಿಡಾದ ವರ್ಲ್ಡ್ ಪೇಟೆಂಟ್ ಮಾರ್ಕೆಟಿಂಗ್ ಮೇಲೆ ಮೊಕದ್ದಮೆ ಹೂಡಿದಾಗ, ಸಾವಿರಾರು ಡಾಲರ್ ಕೊಟ್ಟವರು ದೂರಿದರೆ ಅವರನ್ನೇ ಬೆದರಿಸಲಾಗುತ್ತಿತ್ತು ಎಂದು ಹೇಳಿತು. ಮರುವರ್ಷ ಆ ಕಂಪನಿಗೆ ಈ ವ್ಯವಹಾರವೇ ನಿಷೇಧವಾಯಿತು.

ನಮ್ಮ 1970ರ ಪೇಟೆಂಟ್ ಕಾಯ್ದೆ ಪೇಟೆಂಟ್ ಏಜೆಂಟರು ನೋಂದಾಯಿತರಾಗಿರಬೇಕು ಎನ್ನುತ್ತದೆ. ಮಾರುಕಟ್ಟೆ ಹುಡುಕಿಕೊಡುತ್ತೇವೆ ಎನ್ನುವವರಿಂದ ಇಂಥ ಲೆಕ್ಕ ಕೇಳುವುದಿಲ್ಲ. ಹಾಗಂತ ದಾರಿಯೇ ಇಲ್ಲವೆಂದಲ್ಲ. ಹಳ್ಳಿಗರ ಹೊಸ ಸಾಧನಗಳಿಗೆ ನೆರವಾಗಲೆಂದೇ 2000ದಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಹುಟ್ಟಿತು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಕೂರಿಗೆ, ಹುಣಸೆಬೀಜ ಬೇರ್ಪಡಿಸುವ ಯಂತ್ರಗಳನ್ನು ಗುರುತಿಸಿದ ಸಂಸ್ಥೆ ಅದು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಆ ಪದಕಕ್ಕೆ ಶುಲ್ಕ ಕಟ್ಟಿರಲಿಲ್ಲ.

ಯಾರಾದರೂ ನಿಮ್ಮ ಉಪಾಯವನ್ನು ಹೊಗಳಿ ಹಣ ಕೇಳಿದರೆ, ಸಹಿಗೆ ಮುಂಚೆ ಇದನ್ನೊಂದು ಕೇಳಿ: ‘ನಿಮಗೆ ಕೊಟ್ಟದ್ದಕ್ಕಿಂತ ಹೆಚ್ಚು ಗಳಿಸಿದವರು ಎಷ್ಟು ಜನ? ಬರೆದು ಕೊಡಿ.’